ಬೆಂಗಳೂರು–ದೆಹಲಿ 1,702 ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ: ಈ ಲೆಕ್ಕ ಬರುವುದು ಹೇಗೆ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಿಂದ ದೆಹಲಿಗೆ ಎಷ್ಟು ದೂರ ಎಂದು ಕೇಳಿದರೆ ಕನಿಷ್ಠ ನಾಲ್ಕು ಉತ್ತರ ಸಿಗುತ್ತವೆ, ನಾಲ್ಕೂ ಸರಿಯೇ. ರೈಲಿನ ಲೆಕ್ಕದಲ್ಲಿ ಸುಮಾರು 2,370 ಕಿ.ಮೀ. 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೋಗುವ ಲಾರಿಯವರಿಗೆ 2,150ರ ಆಸುಪಾಸು. ಊರ ನಡುವಿನಿಂದ ಊರ ನಡುವಿಗೆ ನೇರ ಗೆರೆ ಎಳೆದರೆ 1,735. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಗೆರೆ ಎಳೆದರೆ 1,702. ಕೊನೆಯ ಎರಡರ ನಡುವೆ ವ್ಯತ್ಯಾಸ ಯಾಕೆಂದರೆ, ನಮ್ಮ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ಅಂದರೆ ದೆಹಲಿಯ ದಿಕ್ಕಿಗೆ. 2008ರ ಮೇ ತಿಂಗಳಲ್ಲಿ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣ ಬಿಟ್ಟು ಅಲ್ಲಿಗೆ ಹೋದಾಗ ದೆಹಲಿ 27 ಕಿ.ಮೀ. ಹತ್ತಿರ ಬಂತು. ಜಯನಗರದವರಿಗೆ ವಿಮಾನ ನಿಲ್ದಾಣ ಅದಕ್ಕಿಂತ ಹೆಚ್ಚು ದೂರವಾಯಿತು ಎನ್ನುವುದು ಬೇರೆ ಮಾತು.

ಇನ್ನು ಸಮಯ. ದೂರ ತೋರಿಸುವ ಜಾಲತಾಣಗಳಲ್ಲಿ ಹಲವು 1,735ನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ‘ಒಂದು ಗಂಟೆ 56 ನಿಮಿಷ’ ಎಂದು ಬರೆದುಬಿಡುತ್ತವೆ. ಟಿಕೆಟ್ ತೆಗೆದು ನೋಡಿದರೆ 2 ಗಂಟೆ 45 ನಿಮಿಷದಿಂದ 2 ಗಂಟೆ 55 ನಿಮಿಷದವರೆಗೆ ಇರುತ್ತದೆ. ಆ ಸುಮಾರು ಒಂದು ಗಂಟೆ ಎಲ್ಲಿ ಹೋಗುತ್ತದೆ ಎನ್ನುವುದೇ ಇವತ್ತಿನ ಉಪನ್ಯಾಸದ ಮುಖ್ಯ ವಿಷಯ. ಅದು ಗೊತ್ತಾದರೆ ಯಾವುದೇ ಎರಡು ಊರುಗಳ ನಡುವಿನ ಹಾರಾಟದ ಹೊತ್ತನ್ನು ನೀವೇ ಹತ್ತು ನಿಮಿಷದ ಅಂತರದೊಳಗೆ ಹೇಳಬಹುದು.

ದೂರವನ್ನು ಕೈಯಲ್ಲೇ ಅಳೆಯುವುದು

ವಿಮಾನಯಾನದವರು ಬಳಸುವ ಅಳತೆ ನಾಟಿಕಲ್ ಮೈಲಿ. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಕಲೆಗಳಿರುತ್ತವೆ. ಒಂದು ಕಲೆ ಎಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಇಷ್ಟು ಗೊತ್ತಿದ್ದರೆ ಕೆಲಸ ಮುಗಿಯಿತು.

ಕೆಂಪೇಗೌಡ ವಿಮಾನ ನಿಲ್ದಾಣದ ಅಕ್ಷಾಂಶ 13.20, ರೇಖಾಂಶ 77.71. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದ್ದು 28.57 ಮತ್ತು 77.10. ಅಕ್ಷಾಂಶಗಳ ಅಂತರ 15.37 ಡಿಗ್ರಿ, 60ರಿಂದ ಗುಣಿಸಿದರೆ 922 ನಾಟಿಕಲ್ ಮೈಲಿ. ರೇಖಾಂಶಗಳ ಅಂತರ 0.61 ಡಿಗ್ರಿ, ಇದನ್ನೂ 60ರಿಂದ ಗುಣಿಸಿ, ಆಮೇಲೆ ನಡುವಿನ ಅಕ್ಷಾಂಶದ (ಇಲ್ಲಿ 21 ಡಿಗ್ರಿ) ಕೊಸೈನ್‌ನಿಂದ ಗುಣಿಸಬೇಕು. ಧ್ರುವದ ಕಡೆ ಹೋದ ಹಾಗೆ ರೇಖಾಂಶದ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವಲ್ಲ, ಅದಕ್ಕೆ ಈ ತಿದ್ದುಪಡಿ. 34 ಮೈಲಿ ಬರುತ್ತದೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 922.6 ನಾಟಿಕಲ್ ಮೈಲಿ, ಅಂದರೆ 1,709 ಕಿ.ಮೀ.

ನಿಜವಾದ ಅಂಕಿ 1,702. ಏಳು ಕಿಲೋಮೀಟರ್ ಹೆಚ್ಚು ಬಂದದ್ದು ಭೂಮಿ ಪೂರ್ತಿ ಗುಂಡಗಿಲ್ಲದ ಕಾರಣಕ್ಕೆ. ಅಕ್ಷಾಂಶದ ಒಂದು ಡಿಗ್ರಿ ಸಮಭಾಜಕದ ಬಳಿ 110.6 ಕಿ.ಮೀ., ಧ್ರುವದ ಬಳಿ 111.7. ನಾವಿರುವುದು ಸಮಭಾಜಕದ ಕಡೆ, ಆದ್ದರಿಂದ ನಮ್ಮ ಡಿಗ್ರಿ ಸ್ವಲ್ಪ ಗಿಡ್ಡ. ದೇಶದೊಳಗಿನ ದೂರಗಳಿಗೆ ಈ ಕೈಲೆಕ್ಕ ಧಾರಾಳ ಸಾಕು. ಎರಡು ಸಾವಿರ ಕಿಲೋಮೀಟರ್ ದಾಟಿದರೆ, ಅದರಲ್ಲೂ ಪೂರ್ವ–ಪಶ್ಚಿಮದ ಪಯಣಕ್ಕೆ, ಇದು ಕೈಕೊಡುತ್ತದೆ. ಆಗ ಗೋಳದ ಸೂತ್ರವೇ ಬೇಕು.

ಈ ನೇರ ಗೆರೆಯನ್ನು ನಕಾಶೆಯ ಮೇಲೆ ಹಿಡಿದು ನೋಡಿ. ರಾಯಚೂರು ಎಡಗಡೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರಕ್ಕೆ ಉಳಿಯುತ್ತದೆ, ಭೋಪಾಲ್ ಹೆಚ್ಚು ಕಡಿಮೆ ಗೆರೆಯ ಮೇಲೇ ಸಿಗುತ್ತದೆ. ಇಡೀ ದಾರಿ ಉತ್ತರ–ದಕ್ಷಿಣ. ಈ ಮಾತು ನೆನಪಿರಲಿ, ಗಾಳಿಯ ವಿಷಯ ಬಂದಾಗ ಬೇಕಾಗುತ್ತದೆ.

ಆ ಒಂದು ಗಂಟೆ

ಟಿಕೆಟ್ಟಿನಲ್ಲಿ ಬರೆದಿರುವುದು ಹಾರಾಟದ ಹೊತ್ತಲ್ಲ, ‘ಬ್ಲಾಕ್ ಟೈಮ್’. ಹೊರಡುವ ಕಡೆ ಚಕ್ರಕ್ಕೆ ಕೊಟ್ಟ ತಡೆ (ಇದನ್ನು ‘ಚಾಕ್ಸ್’ ಎನ್ನುತ್ತಾರೆ) ತೆಗೆದ ಗಳಿಗೆಯಿಂದ, ತಲುಪಿದ ಕಡೆ ಮತ್ತೆ ತಡೆ ಇಡುವ ಗಳಿಗೆಯವರೆಗೆ. ಒಂದು ಏರ್‌ಬಸ್ ಎ320 ದೆಹಲಿಗೆ ಹೊರಟಿದೆ ಎಂದುಕೊಳ್ಳಿ.

ಮೊದಲು ಪುಷ್‌ಬ್ಯಾಕ್: ಟಗ್ ಗಾಡಿ ವಿಮಾನವನ್ನು ಹಿಂದಕ್ಕೆ ತಳ್ಳುತ್ತದೆ, ಎಂಜಿನ್ ಶುರುವಾಗುತ್ತದೆ, ರನ್‌ವೇ ತುದಿಯವರೆಗೆ ‘ಟ್ಯಾಕ್ಸಿ’, ಅಂದರೆ ನೆಲದ ಮೇಲಿನ ನಿಧಾನ ಓಟ. ಇದಕ್ಕೆ ಸುಮಾರು 13 ನಿಮಿಷ. ಬೆಳಿಗ್ಗೆ ಆರರಿಂದ ಎಂಟರ ನೂಕುನುಗ್ಗಲಿನಲ್ಲಿ ಇದು ಇಪ್ಪತ್ತೂ ಆಗಬಹುದು.

ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮಕ್ಕೆ ಮಲಗಿವೆ. ದೆಹಲಿ ಇರುವುದು ಉತ್ತರಕ್ಕೆ. ಅಂದರೆ ವಿಮಾನ ಮೊದಲು ಬೇಡದ ದಿಕ್ಕಿಗೆ ಹಾರಿ ಆಮೇಲೆ ತಿರುಗಬೇಕು. ಹತ್ತು ಸಾವಿರ ಅಡಿಯೊಳಗೆ 250 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗಮಿತಿ ಇದೆ. ಹೀಗೆ ಏರುತ್ತ 35,000 ಅಡಿ ಮುಟ್ಟುವುದಕ್ಕೆ 23 ನಿಮಿಷ ಹಿಡಿದರೆ ಅಷ್ಟರಲ್ಲಿ ಕ್ರಮಿಸಿದ ದೂರ 210 ಕಿ.ಮೀ. ಈ ಹಂತದ ಸರಾಸರಿ ವೇಗ ಗಂಟೆಗೆ 550 ಕಿ.ಮೀ. ಮಾತ್ರ.

ಇಳಿಯುವುದಕ್ಕೂ ಹೀಗೇ ಒಂದು ಲೆಕ್ಕವಿದೆ. ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ದೆಹಲಿ ನಿಲ್ದಾಣ ಸಮುದ್ರಮಟ್ಟದಿಂದ 777 ಅಡಿ ಎತ್ತರದಲ್ಲಿದೆ. 34,000 ಅಡಿ ಇಳಿಯಲು 102 ಮೈಲಿ, ವೇಗ ತಗ್ಗಿಸಲು ಇನ್ನೊಂದು ಹತ್ತು. ಒಟ್ಟು 112 ನಾಟಿಕಲ್ ಮೈಲಿ, ಅಂದರೆ 207 ಕಿ.ಮೀ. ಧೋಲ್‌ಪುರದ ನೇರಕ್ಕೆ ಬರುವ ಹೊತ್ತಿಗೆ ಎಂಜಿನ್ನಿನ ಸದ್ದು ಸಣ್ಣಗಾಗಿ ಮೂಗು ಸ್ವಲ್ಪ ತಗ್ಗಿದ್ದು ನಿಮಗೂ ಗೊತ್ತಾಗುತ್ತದೆ. ದೆಹಲಿಯ ನಾಲ್ಕೂ ರನ್‌ವೇಗಳು ಸುಮಾರಾಗಿ ಪೂರ್ವ–ಪಶ್ಚಿಮವೇ. ಪಶ್ಚಿಮದ ಗಾಳಿ ಇದ್ದ ದಿನ ದಕ್ಷಿಣದಿಂದ ಬಂದ ವಿಮಾನ ಊರಿನ ಪೂರ್ವಕ್ಕೆ ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ, ಗಾಳಿಗೆ ಮುಖ ಕೊಟ್ಟು ಇಳಿಯಬೇಕು. ಇಳಿತ, ತಿರುವು, ಮುಂದಿನ ವಿಮಾನದಿಂದ ಕಾಯ್ದುಕೊಳ್ಳುವ ಅಂತರ ಎಲ್ಲ ಸೇರಿ 30 ನಿಮಿಷ. ಇಳಿದ ಮೇಲೆ ಗೇಟಿಗೆ ಟ್ಯಾಕ್ಸಿ 10 ನಿಮಿಷ. ನಿಲ್ದಾಣ ವಿಶಾಲವಾಗಿರುವುದರಿಂದ ದೂರದ ರನ್‌ವೇಯಲ್ಲಿ ಇಳಿದರೆ ಇದು ಇನ್ನೂ ಬೆಳೆಯುತ್ತದೆ.

ನಡುವೆ ಉಳಿದದ್ದು 1,285 ಕಿ.ಮೀ. ಇದಷ್ಟೇ ‘ಪೂರ್ಣ ವೇಗ’ದ ಹಾರಾಟ: 92 ನಿಮಿಷ. ಈಗ ಕೂಡಿಸಿ: 13, 23, 92, 30, 10. ಒಟ್ಟು 168 ನಿಮಿಷ, ಅಂದರೆ 2 ಗಂಟೆ 48 ನಿಮಿಷ. ಟಿಕೆಟ್ಟಿನ ಅಂಕಿ ಬಂತು.

ಇದನ್ನೇ ಒಂದು ಸಣ್ಣ ಸೂತ್ರ ಮಾಡಬಹುದು. ನೇರ ದೂರವನ್ನು 830ರಿಂದ ಭಾಗಿಸಿ, ಬಂದ ಗಂಟೆಗೆ 45 ನಿಮಿಷ ಸೇರಿಸಿ. ಮುಂಬೈ 834 ಕಿ.ಮೀ.: ಒಂದು ಗಂಟೆ ಜೊತೆಗೆ 45, ಒಂದೂಮುಕ್ಕಾಲು ಗಂಟೆ. ಮಂಗಳೂರು 306 ಕಿ.ಮೀ.: 22 ನಿಮಿಷ ಜೊತೆಗೆ 45, ಒಂದು ಗಂಟೆ ಏಳು ನಿಮಿಷ. ಮಂಗಳೂರಿನ ವಿಷಯದಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತು ದೂರಕ್ಕೆ ಸಂಬಂಧವೇ ಇಲ್ಲದ್ದು ಎನ್ನುವುದನ್ನು ಗಮನಿಸಿ. ದೆಹಲಿಯ ದೂರ ಮುಂಬೈಯ ಎರಡರಷ್ಟು, ಹೊತ್ತು ಮಾತ್ರ ಒಂದೂವರೆಯಷ್ಟು ಏಕೆ ಎನ್ನುವುದಕ್ಕೂ ಆ 45 ನಿಮಿಷವೇ ಕಾರಣ.

ಹುಬ್ಬಳ್ಳಿಯಂಥ ಊರಿಗೆ ಹೋಗುವ ಎಟಿಆರ್ 72 ವಿಮಾನಕ್ಕೆ ಬೇರೆ ಅಂಕಿ ಹಿಡಿಯಬೇಕು. ಅದು ಪ್ರೊಪೆಲರ್ ವಿಮಾನ, ವೇಗ ಗಂಟೆಗೆ 500ರ ಆಸುಪಾಸು. ಆದರೆ ಅಷ್ಟು ಎತ್ತರ ಏರುವುದಿಲ್ಲವಾದ್ದರಿಂದ 45ರ ಬದಲು 30 ನಿಮಿಷ ಸಾಕು. ಹುಬ್ಬಳ್ಳಿ 371 ಕಿ.ಮೀ., ಲೆಕ್ಕ ಮಾಡಿದರೆ ಒಂದೂಕಾಲು ಗಂಟೆ. ದೂರದ ವಿದೇಶಕ್ಕೆ ಹೋಗುವ ಬೋಯಿಂಗ್ 777, 787ಗಳಿಗೆ 830ರ ಬದಲು 890 ಹಿಡಿಯಿರಿ.

ವೇಗದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಜೆಟ್ ವಿಮಾನದ ವೇಗವನ್ನು ಪೈಲಟ್ ನೋಡುವುದು ಕಿಲೋಮೀಟರಿನಲ್ಲಲ್ಲ, ಶಬ್ದದ ವೇಗದ ಪಾಲಿನಲ್ಲಿ. ಎ320ಗೆ ಮ್ಯಾಕ್ 0.78, 777ಗೆ 0.84. ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಹೊರಗೆ ಮೈನಸ್ 54 ಡಿಗ್ರಿ ಇದ್ದರೆ ಮ್ಯಾಕ್ 0.78 ಎಂದರೆ ಗಂಟೆಗೆ 833 ಕಿ.ಮೀ.; ನಮ್ಮ ಉಷ್ಣವಲಯದ ಆಕಾಶದಲ್ಲಿ ಅದೇ ಎತ್ತರದಲ್ಲಿ ಮೈನಸ್ 45 ಇದ್ದರೆ 850. ಹೊರಡುವುದು ತಡವಾದಾಗ ‘ಪೈಲಟ್ ಜೋರಾಗಿ ಓಡಿಸಿ ಸಮಯ ಸರಿದೂಗಿಸಿದ’ ಎನ್ನುತ್ತಾರೆ. 0.78ನ್ನು 0.80 ಮಾಡಿದರೆ ದೆಹಲಿಯ ದಾರಿಯಲ್ಲಿ ಉಳಿಯುವುದು ಎರಡು ನಿಮಿಷ ಚಿಲ್ಲರೆ, ಅಷ್ಟೇ. ತಡವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಟ್ಟ ಹೆಚ್ಚುವರಿ ನಿಮಿಷಗಳು. ಸಮಯಪಾಲನೆಯ ಲೆಕ್ಕದಲ್ಲಿ ನಿಗದಿತ ಹೊತ್ತಿನಿಂದ 15 ನಿಮಿಷದೊಳಗಿದ್ದರೆ ‘ಸರಿಯಾದ ಸಮಯ’ ಎಂದೇ ಬರೆಯುತ್ತಾರೆ. ಹಾಗಾಗಿ ಕಂಪನಿಗಳು ಬ್ಲಾಕ್ ಟೈಮ್‌ಗೆ ಐದು ಹತ್ತು ನಿಮಿಷ ಸೇರಿಸಿಯೇ ಇಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ; ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಅದರಿಂದ ಉಪಕಾರವೇ.

ಗಾಳಿ

ಚಳಿಗಾಲದಲ್ಲಿ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ, ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಮಾರುತ ಬೀಸುತ್ತದೆ. ವಿಮಾನಗಳು ಹಾರುವ ಎತ್ತರದಲ್ಲಿ ಅದರ ವೇಗ 100 ನಾಟ್, ಅಂದರೆ ಗಂಟೆಗೆ 185 ಕಿ.ಮೀ. ಇರುವುದು ಅಪರೂಪವಲ್ಲ.

ದೆಹಲಿ–ಕೋಲ್ಕತ್ತ 1,310 ಕಿ.ಮೀ., ಹೆಚ್ಚು ಕಡಿಮೆ ಪೂರ್ವ–ಪಶ್ಚಿಮ. ದಾರಿಯುದ್ದಕ್ಕೂ ಇಂಥ ಗಾಳಿ ಇದೆ ಎಂದಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ 94 ನಿಮಿಷ. ದೆಹಲಿಯಿಂದ ಕೋಲ್ಕತ್ತಕ್ಕೆ ಹಿಂದಿನಿಂದ ಗಾಳಿ, ನೆಲದ ಮೇಲಿನ ವೇಗ 1,018: 77 ನಿಮಿಷ. ವಾಪಸ್ ಬರುವಾಗ ಎದುರುಗಾಳಿ, ವೇಗ 648: 121 ನಿಮಿಷ. ಹೋಗುವಾಗ 17 ನಿಮಿಷ ಲಾಭ, ಬರುವಾಗ 27 ನಿಮಿಷ ನಷ್ಟ. ಹೋಗಿ ಬರುವುದರಲ್ಲಿ ಗಾಳಿ ಸಮ ಮಾಡಿಕೊಡುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಹಾಗಾಗುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಯಾವಾಗಲೂ ದೊಡ್ಡದು.

ಬೆಂಗಳೂರು–ದೆಹಲಿಗೆ ಬನ್ನಿ. ಇಲ್ಲಿ ಅದೇ ಗಾಳಿ ಎಡಗಡೆಯಿಂದ ಅಡ್ಡ ಬೀಸುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ದಾಟಿಸುವವರು ನೇರ ಆಚೆ ದಡಕ್ಕೆ ಗುರಿಯಿಡದೆ ಹರಿವಿನ ಎದುರಿಗೆ ಸ್ವಲ್ಪ ಓರೆ ಹಿಡಿಯುತ್ತಾರಲ್ಲ, ವಿಮಾನವೂ ಹಾಗೆಯೇ ಮೂಗನ್ನು ಗಾಳಿಯ ಕಡೆ ತಿರುಗಿಸಿಕೊಂಡು ಹೋಗುತ್ತದೆ. ವಿಮಾನದ ವೇಗ 450 ನಾಟ್, ಅಡ್ಡಗಾಳಿ 100 ನಾಟ್ ಆದರೆ 13 ಡಿಗ್ರಿ ಓರೆ. ಮುಂದಕ್ಕೆ ಉಳಿಯುವ ವೇಗ 439 ನಾಟ್. ಈ ಗಾಳಿ ಸಿಗುವುದು ಕೊನೆಯ 700 ಕಿ.ಮೀ.ಯಲ್ಲಿ ಎಂದರೆ ನಷ್ಟ ಒಂದೂಕಾಲು ನಿಮಿಷ. ಈ ದಾರಿಯಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ದೊಡ್ಡ ವ್ಯತ್ಯಾಸ ಕಾಣದಿರುವುದಕ್ಕೆ ಇದೇ ಕಾರಣ.

ಮುಂಗಾರಿನಲ್ಲಿ ಕಥೆ ತಿರುಗುಮುರುಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, 14ರಿಂದ 16 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಮಾರುತ ಏಳುತ್ತದೆ. ಇದನ್ನು ಗುರುತಿಸಿ 1958ರಲ್ಲಿ ಜಗತ್ತಿಗೆ ತಿಳಿಸಿದವರು ಭಾರತೀಯ ಹವಾಮಾನ ಇಲಾಖೆಯ ವಿಜ್ಞಾನಿ ಪಿ. ಕೋಟೇಶ್ವರಂ. ವಿಮಾನಗಳು ಹಾರುವ 11–12 ಕಿ.ಮೀ. ಎತ್ತರಕ್ಕೆ ಅದರ ಕೆಳ ಅಂಚಷ್ಟೇ ಸಿಗುತ್ತದೆ. ಆದರೂ ಮಳೆಗಾಲದಲ್ಲಿ ಬೆಂಗಳೂರಿನಿಂದ ದುಬೈ ಕಡೆ ಹೊರಟ ವಿಮಾನಕ್ಕೆ ಮೊದಲ ಒಂದೆರಡು ಗಂಟೆ ಬೆನ್ನ ಹಿಂದಿನ ಗಾಳಿ ದೊರೆಯುವುದು ಇದರಿಂದಲೇ.

ಗೆರೆ ನೇರ, ದಾರಿ ಸೊಟ್ಟ

ಇಷ್ಟು ಹೊತ್ತು ನೇರ ಗೆರೆಯ ಲೆಕ್ಕ ಮಾಡಿದೆವು. ವಿಮಾನ ಹೋಗುವುದು ಐದಕ್ಷರದ ಹೆಸರುಳ್ಳ ಗುರುತುಬಿಂದುಗಳನ್ನು ಜೋಡಿಸಿದ ವಾಯುಮಾರ್ಗದಲ್ಲಿ. ಸೇನೆಗೆ ಮೀಸಲಾದ ಪ್ರದೇಶಗಳನ್ನು ಬಳಸಿ ಹೋಗಬೇಕು. ದೇಶದ ವಾಯುಪ್ರದೇಶದಲ್ಲಿ ಶೇ 60ರಷ್ಟು ಮಾತ್ರ ಮುಕ್ತವಾಗಿ ಸಿಗುತ್ತಿದೆ ಎಂದು ಕೇಂದ್ರ ಸರ್ಕಾರವೇ 2020ರ ಮೇ ತಿಂಗಳಲ್ಲಿ ಹೇಳಿ, ನಿರ್ಬಂಧ ಸಡಿಲಿಸುವುದಾಗಿ ಪ್ರಕಟಿಸಿತ್ತು. ದೆಹಲಿಯ ದಾರಿಯಲ್ಲಿ ಶೇ 4ರಷ್ಟು ಸುತ್ತು ಎಂದು ಹಿಡಿದರೂ 68 ಕಿ.ಮೀ., ಐದು ನಿಮಿಷ. ಬೇಸಿಗೆಯ ಕೊನೆಗೆ ಗುಡುಗು ಮೋಡಗಳು ಎದ್ದರೆ ಅವುಗಳಿಂದ ಸಾಕಷ್ಟು ದೂರ ಸರಿದೇ ಹೋಗಬೇಕಾದ್ದರಿಂದ ಇನ್ನೊಂದಿಷ್ಟು.

ದೇಶಗಳ ನಡುವಿನ ಜಗಳ ಇದಕ್ಕಿಂತ ದೊಡ್ಡ ಸುತ್ತು ಹಾಕಿಸುತ್ತದೆ. ಪಾಕಿಸ್ತಾನ ತನ್ನ ಆಕಾಶವನ್ನು 2019ರ ಫೆಬ್ರುವರಿ 27ರಿಂದ ಜುಲೈ 16ರವರೆಗೆ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನ ಕಂಪನಿಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೊರಟವರು ದಕ್ಷಿಣಕ್ಕೆ ಗುಜರಾತ್ ಮೇಲೆ ಹಾದು ಅರಬ್ಬಿ ಸಮುದ್ರ ಸುತ್ತಬೇಕಾಯಿತು. ಬೆಂಗಳೂರಿಗೆ ಈ ಪೆಟ್ಟು ಅಷ್ಟು ಜೋರಾಗಿ ಬೀಳುವುದಿಲ್ಲ. ಬೆಂಗಳೂರು–ಲಂಡನ್ 8,040 ಕಿ.ಮೀ. ಅದರ ನೇರ ಗೆರೆ ಮುಂಬೈ ಮೇಲೆ ಹಾದು ಕರಾಚಿಯ ಹತ್ತಿರ ಪಾಕಿಸ್ತಾನದೊಳಕ್ಕೆ ಹೋಗುತ್ತದೆ. ಮುಂಬೈ ದಾಟಿದ ಮೇಲೆ ಸ್ವಲ್ಪ ಎಡಕ್ಕೆ ಸರಿದು ಒಮಾನ್ ಕಡೆ ಹೋದರೆ ಆಯಿತು.

ಇದೇ ಲಂಡನ್ ದಾರಿಯಲ್ಲಿ ಹೋಗುವಾಗ ಬರುವಾಗಿನ ವ್ಯತ್ಯಾಸ ಸುಮಾರು ಒಂದು ಗಂಟೆ. ಹೋಗಲು ಹನ್ನೊಂದು ಗಂಟೆಯ ಹತ್ತಿರ, ಬರಲು ಹತ್ತರ ಹತ್ತಿರ.

ಸ್ಯಾನ್ ಫ್ರಾನ್ಸಿಸ್ಕೊ: ಒಂದೇ ದೂರಕ್ಕೆ ಮೂರು ದಾರಿ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನ ಎಲ್ಲೂ ನಿಲ್ಲದೆ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಕಾಕ್‌ಪಿಟ್ ತಂಡದಲ್ಲಿ ಎಲ್ಲರೂ ಮಹಿಳೆಯರೇ. ಉತ್ತರ ಧ್ರುವದ ದಾರಿಯಾಗಿ ಬಂದ ಆ ಹಾರಾಟಕ್ಕೆ ಸುಮಾರು 17 ಗಂಟೆ ಹಿಡಿಯಿತು. ನೇರ ದೂರ 13,990 ಕಿ.ಮೀ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಂಡು ಈ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು ನೋಡಿ. ಗೋಡೆಯ ನಕಾಶೆಯಲ್ಲಿ ಪೂರ್ವಕ್ಕೆ ಹೋಗಬೇಕೆನಿಸುವ ಊರಿಗೆ ದಾರ ಬೆಂಗಳೂರಿನಿಂದ ಹೊರಡುವುದು ಉತ್ತರದಿಂದ ಬರೀ 20 ಡಿಗ್ರಿ ಬಲಕ್ಕೆ. ಛತ್ತೀಸ್‌ಗಢ, ನೇಪಾಳದ ನಡುಭಾಗ, ಟಿಬೆಟ್, ಸೈಬೀರಿಯಾ ದಾಟಿ 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ.

ಈ ಅತಿ ಹತ್ತಿರದ ದಾರಿಗೆ ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ತಕ್ಷಣ 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ಮುಖವಾಡಕ್ಕೆ ಆಮ್ಲಜನಕ ಬರುವುದು ಸಾಮಾನ್ಯವಾಗಿ 12–15 ನಿಮಿಷ. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್, ಅಂದರೆ 14,700 ಅಡಿಯ ಮೇಲಿದೆ. ಇಳಿಯುವುದೆಲ್ಲಿಗೆ? ಹೆಚ್ಚಿನ ಆಮ್ಲಜನಕವನ್ನೂ ತಪ್ಪಿಸಿಕೊಳ್ಳುವ ದಾರಿಗಳನ್ನೂ ಮೊದಲೇ ಸಿದ್ಧಪಡಿಸಿಕೊಂಡವರು ಮಾತ್ರ ಅಲ್ಲಿ ಹಾರುತ್ತಾರೆ.

ಎರಡನೆಯದು ಧ್ರುವದ ದಾರಿ. ಈ ಎರಡು ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿದೆ, ಅಂದರೆ ಭೂಮಿಯ ಹೆಚ್ಚು ಕಡಿಮೆ ಆಚೆ ಈಚೆ. ಹಾಗಾಗಿ ಧ್ರುವಬಿಂದುವಿನ ಮೇಲೇ ಹಾದು ಹೋದರೂ 14,365 ಕಿ.ಮೀ.; ಬರೀ 375 ಹೆಚ್ಚು, 25 ನಿಮಿಷ. ಎದುರುಗಾಳಿ ತಪ್ಪಿಸಿಕೊಂಡರೆ ಆ 25 ನಿಮಿಷ ಸುಲಭವಾಗಿ ವಾಪಸ್ ಬರುತ್ತದೆ. ಅಲ್ಲಿಯ ತೊಂದರೆ ಬೇರೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಗೆ ಗಟ್ಟಿಯಾಗತೊಡಗುತ್ತದೆ, ನಮ್ಮಲ್ಲಿ ಸಿಗುವ ಜೆಟ್ ಎ-1 ಮೈನಸ್ 47ಕ್ಕೆ. ಗಂಟೆಗಟ್ಟಲೆ ಮೈನಸ್ 60ರ ಗಾಳಿಯಲ್ಲಿ ರೆಕ್ಕೆಯೊಳಗಿನ ಇಂಧನ ತಣ್ಣಗಾಗುತ್ತ ಬರುತ್ತದೆ. ಆ ಮಿತಿಗೆ ಮೂರು ಡಿಗ್ರಿ ಇರುವಾಗಲೇ ಪೈಲಟ್ ಕೆಳಗೆ ಬೆಚ್ಚಗಿನ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಒಂದು ಎಂಜಿನ್ ನಿಂತರೆ ಇಳಿಯುವ ನಿಲ್ದಾಣಗಳೂ ಆ ಕಡೆ ದೂರ ದೂರ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು.

ಮೂರನೆಯದು ಜಪಾನ್ ಬಳಿ ಹಾದು ಪೆಸಿಫಿಕ್ ದಾಟುವುದು. ಟೋಕಿಯೋ ಮೇಲೆ ಹೋದರೆ 14,930 ಕಿ.ಮೀ., 940 ಹೆಚ್ಚು. ಒಂದು ಗಂಟೆಗೂ ಮೇಲೆ. ಆದರೂ ಚಳಿಗಾಲದಲ್ಲಿ ಅಮೆರಿಕದ ಕಡೆ ಹೋಗುವಾಗ ಇದು ಗೆಲ್ಲಬಹುದು. ಜಪಾನ್‌ನಿಂದ ಮುಂದಿನ 8,200 ಕಿ.ಮೀ.ಯಲ್ಲಿ ಸರಾಸರಿ 62 ನಾಟ್‌ಗಿಂತ ಹೆಚ್ಚು ಬೆನ್ನ ಗಾಳಿ ದೊರೆತರೆ ಸುತ್ತಿನ ಹೊತ್ತು ಪೂರ್ತಿ ವಸೂಲಾಗುತ್ತದೆ, ಮತ್ತು ಚಳಿಗಾಲದಲ್ಲಿ ಜಪಾನ್ ಮೇಲಿನ ಜೆಟ್ ಮಾರುತದ ನಡುಭಾಗ 150 ನಾಟ್ ದಾಟುವುದುಂಟು. ದೂರದಲ್ಲಿ ಸೋತ ದಾರಿ ಹೊತ್ತಿನಲ್ಲಿ ಗೆಲ್ಲುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ವಾಪಸ್ ಬರುವಾಗ ಇದೇ ದಾರಿ ಹಿಡಿದರೆ ಗಾಳಿಯೆಲ್ಲ ಎದುರಿಗೆ.

ಬೆಂಗಳೂರಿನ ಕಡೆಯಿಂದ ಹೊರಡುವುದಕ್ಕೆ ಇನ್ನೊಂದು ತೊಡಕಿದೆ. ಆ ಬೋಯಿಂಗ್ 777ರ ಗರಿಷ್ಠ ತೂಕ 347 ಟನ್, ಅದರಲ್ಲಿ ಇಂಧನವೇ 145 ಟನ್‌ವರೆಗೆ. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 3,000 ಅಡಿ ಮೇಲಿದೆ, ಗಾಳಿ ತೆಳು. ಬಿಸಿಲು ಏರಿದರೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲವೂ ಎಂಜಿನ್ನಿಗೆ ತಳ್ಳುವ ಬಲವೂ ಅಷ್ಟಷ್ಟು ಕಡಿಮೆ. ಬಿಸಿ ಹೊತ್ತಿನಲ್ಲಿ ಹೊರಟರೆ ಸರಕನ್ನೋ ಸೀಟುಗಳನ್ನೋ ಖಾಲಿ ಬಿಡಬೇಕಾದೀತು. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕೊಲ್ಲಿಯ ದಡದಲ್ಲೇ ಇದೆ, ಎತ್ತರ 13 ಅಡಿ.

ಗಡಿಯಾರದ ಲೆಕ್ಕಕ್ಕೆ ಒಂದೇ ವಿಧಾನ ಇಟ್ಟುಕೊಳ್ಳಿ: ಎಲ್ಲವನ್ನೂ ಮೊದಲು ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯಕ್ಕೆ ತನ್ನಿ. ನಮ್ಮದರಿಂದ ಐದೂವರೆ ಗಂಟೆ ಕಳೆಯಬೇಕು, ಕ್ಯಾಲಿಫೋರ್ನಿಯಾದ ಚಳಿಗಾಲದ ಸಮಯಕ್ಕೆ ಎಂಟು ಗಂಟೆ ಕೂಡಿಸಬೇಕು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಏಳು. ಜನವರಿ 9ರ ರಾತ್ರಿ 8.30 ಎಂದರೆ ಯುಟಿಸಿಯಲ್ಲಿ 10ರ ಬೆಳಗಿನ 4.30, ನಮ್ಮಲ್ಲಿ ಬೆಳಿಗ್ಗೆ 10. ಅದಕ್ಕೆ 17 ಗಂಟೆ ಸೇರಿಸಿದರೆ 11ರ ನಸುಕಿನ 3. ಆ ಪ್ರಯಾಣಿಕರ ಪಾಲಿಗೆ 10ನೇ ತಾರೀಖು ಪೂರ್ತಿ ಆಕಾಶದಲ್ಲೇ ಕಳೆಯಿತು. ತಿರುಗಿ ಹೋಗುವಾಗ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅದೇ ದಿನ ಸಂಜೆ 4.30ಕ್ಕೆ ಅಲ್ಲಿರುತ್ತೀರಿ.

ಸಭಿಕರ ಪ್ರಶ್ನೆಗಳು

*ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ ಸರ್, ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ಮುಟ್ಟಬೇಕಿತ್ತಲ್ಲವೇ?*

ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ, ನಿಜ. ಅದರ ಮೇಲಿನ ಗಾಳಿಯೂ ಅದರ ಜೊತೆಗೇ ತಿರುಗುತ್ತಿದೆ. ವಿಮಾನ ಹಾರುವುದು ಆ ಗಾಳಿಯೊಳಗೆ. ಲೆಕ್ಕಕ್ಕೆ ಬರುವುದು ನೆಲಕ್ಕೆ ಹೋಲಿಸಿದರೆ ಗಾಳಿ ಎಷ್ಟು ಬೀಸುತ್ತಿದೆ ಎನ್ನುವುದು ಮಾತ್ರ.

*ದೆಹಲಿಯಲ್ಲಿ ಮಂಜು ಕವಿದಾಗ ವಿಮಾನ ಎಷ್ಟು ಹೊತ್ತು ಸುತ್ತು ಹಾಕುತ್ತಿರಬಹುದು?*

ಒಂದು ಸುತ್ತಿಗೆ ನಾಲ್ಕು ನಿಮಿಷ: ಎರಡು ತಿರುವು, ಎರಡು ನೇರ ಓಟ, ಒಂದೊಂದಕ್ಕೂ ಒಂದು ನಿಮಿಷ. ಎ320 ಗಂಟೆಗೆ 2.4 ಟನ್ ಸುಡುತ್ತದೆ ಎಂದರೆ ಒಂದು ಸುತ್ತಿಗೆ 160 ಕಿಲೋ. ದಾರಿಯ ಇಂಧನದ ಜೊತೆಗೆ ಸ್ವಲ್ಪ ಹೆಚ್ಚುವರಿ, ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಕೊನೆಗೆ 30 ನಿಮಿಷದ ಮೀಸಲು ಇದ್ದೇ ಇರುತ್ತದೆ. ಆ ಕೊನೆಯ ಮೀಸಲಿಗೆ ಕೈ ಹಾಕುವಂತಿಲ್ಲ. ಜೈಪುರ 230 ಕಿ.ಮೀ., ಎಲ್ಲರೂ ಮೊದಲು ಅಲ್ಲಿಗೇ ನುಗ್ಗುವುದರಿಂದ ಜಾಗ ಬೇಗ ತುಂಬುತ್ತದೆ. ಲಖನೌ, ಅಮೃತಸರಗಳಲ್ಲೂ ಅದೇ ಬಯಲಿನ ಅದೇ ಮಂಜು ಇರಬಹುದು. ಹಾಗಾಗಿ ಜನವರಿ ಬೆಳಗಿನಲ್ಲಿ ಅಹಮದಾಬಾದನ್ನು ಬದಲಿ ಎಂದು ಇಟ್ಟುಕೊಂಡು, ಅದಕ್ಕೆ ತಕ್ಕ ಇಂಧನ ಹೊತ್ತು ಹೊರಡುವುದುಂಟು. ಜನವರಿಯಲ್ಲಿ ದೆಹಲಿಯಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಬೆಂಗಳೂರಿನಿಂದ ನಸುಕಿನದನ್ನು ಬಿಟ್ಟು ಹಿಂದಿನ ಸಂಜೆಯದನ್ನು ಹಿಡಿಯಿರಿ.

*ಯಾವ ವಿಮಾನ ನಿಜಕ್ಕೂ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ತಿಳಿಯುವುದು ಹೇಗೆ?*

ಫ್ಲೈಟ್‌ರಾಡಾರ್24ನಂಥ ಕಡೆ ವಿಮಾನದ ಸಂಖ್ಯೆ ಹಾಕಿದರೆ ಹಿಂದಿನ ಕೆಲವು ದಿನಗಳ ದಾಖಲೆ ಸಿಗುತ್ತದೆ. ಏಳು ದಿನದ ಹೊತ್ತುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದುಕೊಂಡು ನಡುವಿನದನ್ನು ಹಿಡಿಯಿರಿ. ಸರಾಸರಿ ತೆಗೆಯಬೇಡಿ, ಒಂದು ಮಂಜಿನ ದಿನ ಇಡೀ ಲೆಕ್ಕ ಕೆಡಿಸುತ್ತದೆ. ಅಲ್ಲಿ ಕಾಣುವುದು ಬಹುತೇಕ ನೆಲ ಬಿಟ್ಟು ನೆಲ ಮುಟ್ಟುವ ಹೊತ್ತು; ಟ್ಯಾಕ್ಸಿಯ 20–25 ನಿಮಿಷ ನೀವೇ ಸೇರಿಸಿಕೊಳ್ಳಬೇಕು.

*ಚೆನ್ನೈಗೆ ವಿಮಾನ ಮೇಲೋ ರೈಲು ಮೇಲೋ?*

ನೇರ ದೂರ 267 ಕಿ.ಮೀ. ನಮ್ಮ ಸೂತ್ರದ ಪ್ರಕಾರ ಒಂದು ಗಂಟೆ ನಾಲ್ಕು ನಿಮಿಷ. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆದ್ದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಒಂದರಿಂದ ಒಂದೂವರೆ ಗಂಟೆ. ಇಳಿದ ಮೇಲೆ ಲಗೇಜು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ, ಮೆಟ್ರೊ ಹಿಡಿದು ಊರೊಳಗೆ ಸೇರಲು ಮತ್ತರ್ಧ ಗಂಟೆ. ಎಲ್ಲ ಕೂಡಿದರೆ ನಾಲ್ಕೂವರೆಯಿಂದ ಐದು ಗಂಟೆ. 362 ಕಿ.ಮೀ. ರೈಲು ದಾರಿಯನ್ನು ವಂದೇ ಭಾರತ್ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಗಿಸುತ್ತದೆ, ಚೆನ್ನೈ ಸೆಂಟ್ರಲ್‌ಗೇ ತಂದಿಳಿಸುತ್ತದೆ. ಮನೆ ಯಲಹಂಕದಲ್ಲಿದ್ದು, ಚೆನ್ನೈನಲ್ಲಿ ಕೆಲಸ ಗಿಂಡಿಯಲ್ಲಿದ್ದು, ಕೈಚೀಲ ಒಂದೇ ಇದ್ದರೆ ವಿಮಾನ ಹತ್ತಿ. ಮಿಕ್ಕವರು ರೈಲಿನ ಟಿಕೆಟ್ ಸಿಗುತ್ತದೆಯೇ ಎಂದು ಮೊದಲು ನೋಡಿ.